ಕಾರ್ಖಾನೆಯಲ್ಲಿ ಕಸವೇ ಇಲ್ಲ, ಕಬ್ಬಿನ ಗದ್ದೆಯಲ್ಲಿ ಮಾತ್ರ ಬೆಂಕಿ ಯಾಕೆ?

ಒಂದು ಟನ್ ಕಬ್ಬು ಸಕ್ಕರೆ ಕಾರ್ಖಾನೆಯ ಗೇಟು ದಾಟಿತು ಅಂದುಕೊಳ್ಳಿ. ಅದರಲ್ಲಿ ಹೆಚ್ಚುಕಮ್ಮಿ 100 ಕಿಲೋ ಸಕ್ಕರೆ ಸಿಗುತ್ತೆ. ಜೊತೆಗೆ 280ರಿಂದ 300 ಕಿಲೋ ಸಿಪ್ಪೆ, 40–45 ಕಿಲೋ ಕಾಕಂಬಿ, 30–40 ಕಿಲೋ ಮಡ್ಡಿ ಬರುತ್ತೆ. ಮಿಕ್ಕಿದ್ದೆಲ್ಲ ಬಹುಪಾಲು ನೀರು.

ಇದರಲ್ಲಿ ಕಸ ಅಂತ ಎಸೆಯೋದು ಯಾವುದು? ನಿಜ ಹೇಳಬೇಕೆಂದರೆ ಯಾವುದೂ ಇಲ್ಲ.

ಸಿಪ್ಪೆ, ಅಂದರೆ ಬಗ್ಯಾಸ್, ನೇರ ಕಾರ್ಖಾನೆಯ ಬಾಯ್ಲರ್‌ಗೆ ಹೋಗುತ್ತೆ. ಅದರ ಬೆಂಕಿಯಲ್ಲಿ ಎದ್ದ ಹಬೆ ಮೊದಲು ಟರ್ಬೈನ್ ತಿರುಗಿಸಿ ಕರೆಂಟ್ ಮಾಡುತ್ತೆ, ಆಮೇಲೆ ಅದೇ ಹಬೆ ಕಬ್ಬಿನ ರಸ ಕಾಯಿಸುತ್ತೆ. ಕಾರ್ಖಾನೆಗೆ ಸಾಕಾಗಿ ಉಳಿದ ಕರೆಂಟು ಗ್ರಿಡ್‌ಗೆ ಮಾರಾಟ. ಕಾಕಂಬಿಯಿಂದ ಎಥನಾಲ್ ತೆಗೀತಾರೆ. ಬಂಕಿನಲ್ಲಿ ನಾವು ಹಾಕಿಸೋ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೂ ಎಥನಾಲ್ ಇರುತ್ತೆ, ಅದರಲ್ಲಿ ಕಬ್ಬಿನ ಪಾಲೂ ಇದೆ. ರಸ ಸೋಸಿದಾಗ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್, ಮೊದಲಿನಿಂದಲೂ ಗೊಬ್ಬರ. 2018ರಲ್ಲಿ ಕೇಂದ್ರ ಸರ್ಕಾರ ಜೈವಿಕ ಅನಿಲಕ್ಕೆ ಸತತ್ ಯೋಜನೆ ತಂದ ಮೇಲೆ ಅದೇ ಮಡ್ಡಿಯಿಂದ ಗ್ಯಾಸ್ ತೆಗೆಯುವ ಘಟಕಗಳೂ ಬರ್ತಿವೆ. ಎಥನಾಲ್ ತೆಗೆದ ಮೇಲೆ ಉಳಿಯುವ ಕಪ್ಪು ನೀರು ಒಂದು ಕಾಲಕ್ಕೆ ಹಳ್ಳ ಕೊಳ್ಳಗಳನ್ನು ಹಾಳು ಮಾಡುವ ದೊಡ್ಡ ತಲೆನೋವಾಗಿತ್ತು. ಈಗ ಅದನ್ನೂ ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಸುಡ್ತಾರೆ, ಇಲ್ಲವೇ ಮಡ್ಡಿಗೆ ಬೆರೆಸಿ ಕಾಂಪೋಸ್ಟ್ ಮಾಡ್ತಾರೆ.

ಗೇಟಿನ ಒಳಗೆ ಹೋದದ್ದಕ್ಕೆಲ್ಲ ಒಂದು ಬೆಲೆ ಇದೆ. ಗೇಟಿನ ಹೊರಗೆ ಉಳಿದದ್ದರ ಕಥೆಯೇ ಬೇರೆ.

ಗದ್ದೆಯಲ್ಲಿ ಉಳಿಯೋದು ಎಷ್ಟು?

ಕಟಾವು ಮುಗಿದ ಕಬ್ಬಿನ ಗದ್ದೆ ನೋಡಿದ್ದೀರಾ? ಮೊಣಕಾಲು ಮಟ್ಟಕ್ಕೆ ಒಣಗರಿ ಹಾಸಿರುತ್ತೆ. ನಮ್ಮ ಮಂಡ್ಯ ಕಡೆ ತರಗು ಅಂತೀವಿ, ಬೆಳಗಾವಿ–ಬಾಗಲಕೋಟೆ ಕಡೆ ರವದಿ ಅಂತಾರೆ. ಎಕರೆಗೆ ಅಂದಾಜು ಮೂರರಿಂದ ನಾಲ್ಕು ಟನ್. ಸಂಜೆ ಗಾಳಿ ನೋಡಿಕೊಂಡು ಒಂದು ಮೂಲೆಗೆ ಕಡ್ಡಿ ಗೀರಿದರೆ ಸಾಕು, ಸ್ವಲ್ಪ ಹೊತ್ತಲ್ಲಿ ಇಡೀ ಎಕರೆ ಕಪ್ಪು.

ಕಬ್ಬು ಬೆಳೆಯೋದರಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮ ರಾಜ್ಯವೇ ಮುಂದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹಿಡಿದು ಮಂಡ್ಯ, ಮೈಸೂರಿನವರೆಗೆ ನುರಿಸುವ ಹಂಗಾಮಿನಲ್ಲಿ ಈ ಹೊಗೆ ಮಾಮೂಲು. ದೆಹಲಿಯ ಚಳಿಗಾಲದ ಹೊಗೆಯ ಬಗ್ಗೆ ನಾವು ಎಷ್ಟೊಂದು ಓದ್ತೀವಿ, ಪಂಜಾಬ್ ರೈತರು ಭತ್ತದ ಕೂಳೆ ಸುಡೋದರ ಬಗ್ಗೆ ಎಷ್ಟೊಂದು ಮಾತಾಡ್ತೀವಿ. ನಮ್ಮೂರ ಗದ್ದೆಯ ಬೆಂಕಿ ಮಾತ್ರ ಸುದ್ದಿಯಾಗೋದು ಪಕ್ಕದವರ ನಿಂತ ಬೆಳೆಗೆ ತಗುಲಿದಾಗ.

ಕಾರ್ಖಾನೆಯಲ್ಲಿ ಒಂದು ಹಿಡಿ ಸಿಪ್ಪೆಯೂ ಹಾಳಾಗೋದಿಲ್ಲ. ಅದೇ ಕಬ್ಬಿನ ಗರಿ ಗದ್ದೆಯಲ್ಲಿ ಟನ್‌ಗಟ್ಟಲೆ ಸುಟ್ಟುಹೋಗುತ್ತೆ. ಕಾರ್ಖಾನೆಯವರು ಬುದ್ಧಿವಂತರು, ರೈತರು ದಡ್ಡರು ಅಂತ ಇದಕ್ಕೆ ಅರ್ಥ ಅಲ್ಲ. ಯಾಕೆ ಅಂತ ನೋಡೋಣ.

ಆಲೆಮನೆ ಕಾಲದ ಲೆಕ್ಕ

ಉಳಿಕೆಯನ್ನು ಬಳಸೋದು ನಮ್ಮವರಿಗೆ ಹೊಸ ವಿಷಯ ಏನಲ್ಲ. ಮಂಡ್ಯದ ಯಾವುದಾದರೂ ಆಲೆಮನೆಗೆ ಹೋಗಿ ನೋಡಿ. ಗಾಣದಿಂದ ಹೊರಬಂದ ಸಿಪ್ಪೆ, ಅಂದರೆ ರಚ್ಚು, ಅಂಗಳದಲ್ಲಿ ಒಣಗುತ್ತಾ ಇರುತ್ತೆ. ಒಣಗಿದ್ದನ್ನು ಒಲೆಗೆ ತಳ್ಳಿದರೆ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತೆ. ಅಂದರೆ ಇವತ್ತಿನ ಕಬ್ಬಿನ ಸಿಪ್ಪೆ ನಾಳೆಯ ಬೆಲ್ಲಕ್ಕೆ ಸೌದೆ. ಒಲೆಯ ಬೂದಿ ಗದ್ದೆಗೆ ಹೋಗುತ್ತೆ. ರಸದ ಮೇಲೆ ಕಟ್ಟಿದ ಕೊಳೆ ತಿಪ್ಪೆಗೆ. ಬೇರೆ ಇಂಧನ ಬೇಕಾದರೂ ಅಲ್ಪಸ್ವಲ್ಪ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಕೆ.ಆರ್.ಎಸ್ ನಾಲೆಯ ನೀರು ಬಂದು, ಕಬ್ಬಿನ ಪ್ರದೇಶ ಬೆಳೆದು, ಕಾರ್ಖಾನೆಗೆ ಕಬ್ಬು ಕಳಿಸೋದು ಬದುಕಿನ ಭಾಗವಾಯ್ತು. ಆಗಲೂ ತರಗಿಗೆ ಮನೆಯಲ್ಲಿ ಕೆಲಸ ಇತ್ತು. ದನದ ಕೊಟ್ಟಿಗೆಗೆ ಹಾಸು, ಗುಡಿಸಲಿಗೆ ಹೊದಿಕೆ, ತಿಪ್ಪೆಗೆ ತುಂಬು. ಮನೆಗೆ ನಾಲ್ಕು ದನ ಇದ್ದಾಗ ಕೊಟ್ಟಿಗೆಯಲ್ಲಿ ತುಳಿದು ಗಂಜಲದಲ್ಲಿ ನೆನೆದ ತರಗು ಒಳ್ಳೆ ಗೊಬ್ಬರವೇ ಆಗ್ತಿತ್ತು. ಈಗ ದನ ಕಡಿಮೆ, ಗುಡಿಸಲು ಇಲ್ಲ, ಕೊಟ್ಟಿಗೆಗೆ ಕಾಂಕ್ರೀಟು ಇಲ್ಲವೇ ರಬ್ಬರ್ ಮ್ಯಾಟು. ತರಗನ್ನು ಗೊಬ್ಬರ ಮಾಡುತ್ತಿದ್ದ ವ್ಯವಸ್ಥೆ ಹೋಯ್ತು, ತರಗು ಮಾತ್ರ ಉಳೀತು.

ಬೆಂಕಿ ಹಚ್ಚೋರ ಕಾರಣಗಳು

ನಮ್ಮ ದೊಡ್ಡಪ್ಪನಿಗೆ ಎರಡೂವರೆ ಎಕರೆ ಕಬ್ಬು. "ಸುಡಬೇಡಿ ದೊಡ್ಡಪ್ಪ, ಮಣ್ಣು ಹಾಳಾಗುತ್ತೆ" ಅಂದರೆ ಅವರ ಉತ್ತರ ಸಿದ್ಧ: "ಅಲ್ಲ ಕಣಪ್ಪ, ನೀನು ಬೆಂಗ್ಳೂರಲ್ಲಿ ಕೂತ್ಕಂಡು ಹೇಳ್ತೀಯ. ಅಷ್ಟು ತರಗ್ನ ಎತ್ತೋರ್ ಯಾರು? ನೀನು ಬಂದೀಯಾ?"

ಅವರ ಮಾತಿನಲ್ಲಿ ತಪ್ಪೇನಿಲ್ಲ. ಸುಡೋದಕ್ಕೆ ಕಾರಣಗಳು ಇವು.

ಒಂದು, ಕಟಾವು. ಕಬ್ಬು ಕಡಿಯುವ ಗ್ಯಾಂಗಿನವರು ದೂರದಿಂದ ಬರ್ತಾರೆ. ಮಂಡ್ಯಕ್ಕೆ ಬಳ್ಳಾರಿ ಕಡೆಯಿಂದ, ಬೆಳಗಾವಿ ಕಡೆಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ. ಅವರಿಗೆ ಕೂಲಿ ಸಿಗೋದು ದಿನದ ಲೆಕ್ಕದಲ್ಲಿ ಅಲ್ಲ, ಟನ್ ಲೆಕ್ಕದಲ್ಲಿ. ಒಣಗರಿಯ ಅಂಚು ಗರಗಸದ ಥರ ಕೈ ಕೊಯ್ಯುತ್ತೆ. ಒಳಗೆ ಹಾವು, ಹೆಗ್ಗಣ. ಗರಿ ಸವರಿ ಕಡಿಯೋದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತೆ, ಕೂಲಿ ಮಾತ್ರ ಅಷ್ಟೇ. ಹಾಗಾಗಿ ಕೆಲವು ಕಡೆ ನಿಂತ ಬೆಳೆಗೇ ಬೆಂಕಿ ಕೊಟ್ಟು ಆಮೇಲೆ ಕಡೀತಾರೆ. ಸುಟ್ಟ ಕಬ್ಬನ್ನು ಬೇಗ ನುರಿಸದಿದ್ದರೆ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ಆ ನಷ್ಟ ರೈತನದ್ದು.

ಎರಡು, ಸಮಯ. ಕಟಾವಾದ ಕೂಡಲೇ ಕೂಳೆ ಬೆಳೆಗೆ ನೀರು ಬಿಡಬೇಕು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬರೋದು ಕೆಲವೇ ದಿನ. ಆ ಹೊತ್ತಿಗೆ ಗದ್ದೆ ಚೊಕ್ಕಟ ಇರಬೇಕು. ಸಾಲಿನಲ್ಲಿ ತರಗು ತುಂಬಿದ್ದರೆ ನೀರು ಮುಂದಕ್ಕೆ ಹರಿಯೋದಿಲ್ಲ.

ಮೂರು, ಆಳು. ಹಳ್ಳಿಯಲ್ಲಿ ಕೂಲಿಗೆ ಜನ ಸಿಗೋದೇ ಕಷ್ಟ. ಸಿಕ್ಕವರನ್ನು ನಾಟಿಗೋ ಕಳೆಗೋ ಕರೀತಾರೆ, ತರಗು ಸರಿಸೋಕೆ ಯಾರು ಕರೀತಾರೆ?

ಕಡ್ಡಿಪೆಟ್ಟಿಗೆಗೆ ಎರಡು ರೂಪಾಯಿ. ಇದರ ಜೊತೆ ಪೈಪೋಟಿ ಮಾಡಬೇಕಾದರೆ ಉಪದೇಶ ಸಾಲದು, ಲೆಕ್ಕ ಬೇಕು.

ಯೂರಿಯಾ ಲೆಕ್ಕದಲ್ಲಿ ಬೆಂಕಿಯೇ ಗೆಲ್ಲುತ್ತೆ

ತರಗಿನಲ್ಲಿ ಸಾರಜನಕ ಶೇ. 0.4ರ ಆಸುಪಾಸು. ಎಕರೆಗೆ 4 ಟನ್ ಹಿಡಿದರೆ 16 ಕಿಲೋ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ. 46. ಹಾಗಾದರೆ 16 ಕಿಲೋ ಸಾರಜನಕಕ್ಕೆ ಸುಮಾರು 35 ಕಿಲೋ ಯೂರಿಯಾ ಸಾಕು. 45 ಕಿಲೋ ಚೀಲಕ್ಕೆ ರೈತ ಕೊಡೋದು ₹266.50. ಅಂದರೆ ಬೆಂಕಿಯಲ್ಲಿ ಹೋದ ಸಾರಜನಕದ ಬೆಲೆ ಎಕರೆಗೆ ₹210 ಇರಬಹುದು!

ಅದೇ ತರಗನ್ನು ಸಾಲಿಗೆ ಸರಿಸೋಕೆ ನಾಲ್ಕು ಆಳು ಬೇಕು, ಆಳಿಗೆ ₹500 ಅಂತ ಇಟ್ಟುಕೊಳ್ಳಿ. ₹2,000 ಖರ್ಚು. ₹210 ಉಳಿಸೋಕೆ ₹2,000 ಯಾರು ಹಾಕ್ತಾರೆ?

ಬೇಸಾಯದ ಉಳಿಕೆ ಬಗ್ಗೆ ಬರೆಯೋರು ಬಹಳ ಸಲ ಈ ಲೆಕ್ಕ ತೋರಿಸೋದಿಲ್ಲ. "ಕಸದಿಂದ ರಸ" ಅಂತ ಹೇಳಿ ಮುಗಿಸಿಬಿಡ್ತಾರೆ. ಸರ್ಕಾರ ಯೂರಿಯಾಕ್ಕೆ ದೊಡ್ಡ ಸಬ್ಸಿಡಿ ಕೊಡುವಾಗ, ತರಗು ಉಳಿಸುವವನಿಗೆ ಏನೂ ಕೊಡದಿರುವಾಗ, ಬೆಂಕಿ ಹಚ್ಚೋದು ರೈತನ ಜೇಬಿನ ಮಟ್ಟಿಗೆ ಸರಿಯಾದ ತೀರ್ಮಾನವೇ.

ಪೊಟ್ಯಾಷ್ ಲೆಕ್ಕ ಸ್ವಲ್ಪ ಬೇರೆ. ತರಗಿನಲ್ಲಿ ಅದು ಸಾರಜನಕಕ್ಕಿಂತ ಹೆಚ್ಚು. 50 ಕಿಲೋ ಎಂಒಪಿ ಚೀಲದ ಬೆಲೆ ₹1,500ರ ಮೇಲಿದೆ. ಆದರೆ ಪೊಟ್ಯಾಷ್ ಬೆಂಕಿಯಲ್ಲಿ ಆವಿಯಾಗೋದಿಲ್ಲ, ಬಹುಪಾಲು ಬೂದಿಯಲ್ಲೇ ಉಳಿಯುತ್ತೆ. ಗಾಳಿಗೆ ಹಾರಿ, ಮೊದಲ ನೀರಿಗೆ ತೊಳೆದು ಹೋಗೋದಷ್ಟು ನಷ್ಟ. ಸಾರಜನಕ, ಗಂಧಕ, ಇಂಗಾಲ ಮಾತ್ರ ಹೊಗೆಯಲ್ಲಿ ಹೋದರೆ ಹೋದವೇ.

ನಿಜವಾದ ನಷ್ಟ ಯಾವುದು?

ನಷ್ಟ ಇರೋದು ಗೊಬ್ಬರದ ಚೀಲದಲ್ಲಿ ಸಿಗದ ಎರಡು ವಸ್ತುಗಳಲ್ಲಿ: ಇಂಗಾಲ ಮತ್ತು ತೇವ.

ಊರಲ್ಲಿ ಅಪ್ಪ ಅಮ್ಮನ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದ್ದರೆ ಒಮ್ಮೆ ಫೋಟೋ ತೆಗೆದು ಕಳಿಸೋಕೆ ಹೇಳಿ. ಅದರಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತೆ. ಶೇ. 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ', 0.5ರಿಂದ 0.75 'ಮಧ್ಯಮ', ಅದಕ್ಕಿಂತ ಮೇಲಿದ್ದರೆ 'ಹೆಚ್ಚು'. ವರ್ಷಗಟ್ಟಲೆ ಒಂದೇ ಬೆಳೆ, ಬರೀ ಚೀಲದ ಗೊಬ್ಬರ, ಕಟಾವಾದ ಮೇಲೆ ಬೆಂಕಿ. ಇಂಥ ಗದ್ದೆಯ ಕಾರ್ಡಿನಲ್ಲಿ ಆ ಸಾಲು ಎಲ್ಲಿರುತ್ತೆ ಅಂತ ಊಹಿಸಬಹುದು.

ಸಾವಯವ ಇಂಗಾಲ ಇದ್ದರೆ ಮಣ್ಣು ಸ್ಪಂಜಿನ ಥರ ನೀರು ಹಿಡಿಯುತ್ತೆ, ಹಾಕಿದ ಗೊಬ್ಬರವನ್ನು ತಡೆದು ಬೇರಿಗೆ ಕೊಡುತ್ತೆ, ಎರೆಹುಳು ಬದುಕುತ್ತೆ. ಇಲ್ಲದಿದ್ದರೆ ಯೂರಿಯಾ ಹಾಕಿದಷ್ಟೂ ನೀರಲ್ಲಿ ಇಳಿದು ಹೋಗುತ್ತೆ. ಒಂದು ವರ್ಷ ತರಗು ಬಿಟ್ಟ ಕೂಡಲೇ ಇಂಗಾಲ ಏರಿಬಿಡುತ್ತೆ ಅಂತ ನಂಬಬೇಡಿ. ಒಣತೂಕದ ಸುಮಾರು ಶೇ. 40 ಇಂಗಾಲವೇ ಆದರೂ ಕೊಳೆಯುವಾಗ ಅದರಲ್ಲಿ ಬಹುಪಾಲು ಗಾಳಿಗೇ ಹೋಗುತ್ತೆ, ಮಣ್ಣಲ್ಲಿ ನಿಲ್ಲೋದು ಸಣ್ಣ ಪಾಲು. ಬೆಂಕಿಯಲ್ಲಿ ಅದು ಅರ್ಧ ಗಂಟೆಯಲ್ಲಿ ಹೋಗುತ್ತೆ. ಕೊಳೆತರೆ ತಿಂಗಳುಗಟ್ಟಲೆ ಮಣ್ಣಿನ ಜೀವಿಗಳ ಹೊಟ್ಟೆ ತುಂಬಿಸಿ ಹೋಗುತ್ತೆ. ಆ ಸಣ್ಣ ಪಾಲು ವರ್ಷ ವರ್ಷ ಸೇರುತ್ತಾ ಬಂದರೆ ಕಾರ್ಡಿನ ಅಂಕಿ ಬದಲಾಗುತ್ತೆ.

ತೇವದ ಲಾಭ ಮಾತ್ರ ಅದೇ ವರ್ಷ ಕಾಣುತ್ತೆ. ಕಬ್ಬು 12–14 ತಿಂಗಳ ಬೆಳೆ. ಕೂಳೆ ಚಿಗುರಿ ಗದ್ದೆ ಮುಚ್ಚಿಕೊಳ್ಳುವವರೆಗೆ ಮಣ್ಣು ಬಿಸಿಲಿಗೆ ತೆರೆದೇ ಇರುತ್ತೆ, ಅದೂ ಫೆಬ್ರವರಿಯಿಂದ ಮೇವರೆಗಿನ ಬಿಸಿಲು. ತರಗಿನ ಹೊದಿಕೆ ಇದ್ದರೆ ನೀರು ಆರೋದು ನಿಧಾನ. ಕಳೆಬೀಜಕ್ಕೆ ಬೆಳಕು ಸಿಗದೆ ಕಳೆಯೂ ಕಡಿಮೆ. ಒಂದು ಸಲದ ಕಳೆ ಕೂಲಿ ಉಳಿದರೆ ಆ ₹2,000ದಲ್ಲಿ ದೊಡ್ಡ ಪಾಲು ಅಲ್ಲೇ ವಾಪಸ್. 2023ರ ಬರದಲ್ಲಿ ನಾಲೆಗೆ ನೀರಿಲ್ಲದೆ ಕಬ್ಬು ಒಣಗಿದ್ದನ್ನು ನೋಡಿದವರಿಗೆ, ಒಂದು ನೀರು ಒಂದು ವಾರ ತಡವಾದರೂ ತಡೆದುಕೊಳ್ಳುವ ಗದ್ದೆಯ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕಂಪನಿಗೆ ಮಾರಿದರೆ ಆಗಲ್ವಾ?

ನಮ್ಮಂಥ ಐಟಿಯವರಿಗೆ ಮೊದಲು ಹೊಳೆಯೋದೇ ಇದು: ಒಂದು ಆ್ಯಪ್ ಮಾಡೋಣ, ತರಗು ಒಟ್ಟು ಮಾಡೋಣ, ಪೆಲ್ಲೆಟ್ ಮಾಡಿ ಬಾಯ್ಲರ್‌ಗೆ ಮಾರೋಣ. ಕೆಲವು ಕಡೆ ಇದು ನಡೀತಾನೂ ಇದೆ. ಆದರೆ ಎರಡು ತೊಡಕುಗಳನ್ನು ಗಮನಿಸಬೇಕು.

ತರಗು ಹತ್ತಿಯ ಥರ ಹಗುರ. ಟ್ರೈಲರ್ ಬೆಟ್ಟದಷ್ಟು ಕಂಡರೂ ತೂಕ ಬರೋದಿಲ್ಲ. ಗದ್ದೆಯಲ್ಲೇ ಬೇಲರ್ ಯಂತ್ರದಿಂದ ಕಟ್ಟು ಕಟ್ಟದಿದ್ದರೆ ಡೀಸೆಲ್ ಖರ್ಚೇ ಲಾಭ ತಿನ್ನುತ್ತೆ. ಎರಡು ಎಕರೆ, ಮೂರು ಎಕರೆ ತುಂಡು ಗದ್ದೆಗಳಿಗೆ, ಬದುಗಳ ನಡುವೆ ಆ ಯಂತ್ರ ಹೋಗಿ ಬರೋದೂ ಸುಲಭ ಅಲ್ಲ. ಎರಡನೆಯದು, ತರಗಿನಲ್ಲಿ ಪೊಟ್ಯಾಷ್, ಕ್ಲೋರಿನ್, ಸಿಲಿಕಾ ಇರೋದರಿಂದ ಬಾಯ್ಲರ್ ಕೊಳವೆಗಳ ಮೇಲೆ ಬೂದಿ ಕರಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸಿಪ್ಪೆಯಷ್ಟು ಸಲೀಸಾದ ಇಂಧನ ಅಲ್ಲ ಅದು.

ಸಿಪ್ಪೆ ಯಾಕೆ ಲಾಭದ ವಸ್ತು ಆಯ್ತು ಗೊತ್ತಾ? ಅದನ್ನು ಸಾಗಿಸುವ ಖರ್ಚು ಬೇರೆ ಇಲ್ಲ. ಕಬ್ಬಿನ ಜೊತೆಗೇ ಬಂತು, ಬಂದ ಜಾಗದಲ್ಲೇ ಉರೀತು. ಉಳಿಕೆಯ ವಿಷಯದಲ್ಲಿ ಇದೇ ಮುಖ್ಯ ಪಾಠ: ಇರುವ ಜಾಗದಲ್ಲೇ ಉಪಯೋಗ ಆಗೋದಾದರೆ ಅದೇ ಅಗ್ಗದ ದಾರಿ. ಸಿಪ್ಪೆ ಇರೋ ಜಾಗ ಕಾರ್ಖಾನೆ, ತರಗು ಇರೋ ಜಾಗ ಗದ್ದೆ. ಹಾಗಾಗಿ ತರಗನ್ನು ಎಲ್ಲಿಗೂ ಕಳಿಸದೆ ಇರೋದೇ ಅದರ ಒಳ್ಳೆಯ ಬಳಕೆ.

ಕೂಳೆ ಗದ್ದೆಯಲ್ಲಿ ಮಾಡೋದು ಹೇಗೆ?

ಇದು ಹೊಸ ಸಂಶೋಧನೆ ಅಲ್ಲ. ಮಂಡ್ಯದ ವಿ.ಸಿ. ಫಾರಂ, ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ ಕಬ್ಬಿನ ಮೇಲೆ ಕೆಲಸ ಮಾಡುತ್ತಾ ಬಂದಿವೆ. ಗಡಿಯಾಚೆ ಕೊಲ್ಲಾಪುರ ಕಡೆ ರೈತರು ತರಗನ್ನು ಪಾಚಟ ಅಂತಾರೆ, ಸುಡದೆ ಗದ್ದೆಯಲ್ಲೇ ಕೊಳೆಸುವ ಪದ್ಧತಿ ಅಲ್ಲಿ ಬಹಳ ಜನಕ್ಕೆ ಗೊತ್ತು. ಹಂತಗಳು ಇಷ್ಟೇ:

1. ಕಟಾವಿನಲ್ಲಿ ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಮೇಲೆ ಉಳಿದ ಕೂಳೆಯನ್ನು ಮಚ್ಚಿನಿಂದಲೋ ಯಂತ್ರದಿಂದಲೋ ಸವರಬೇಕು. "ಸುಟ್ಟರೆ ಚಿಗುರು ಒಂದೇ ಸಮ ಬರುತ್ತೆ" ಅಂತ ಹಲವರು ಹೇಳ್ತಾರೆ. ಒಂದೇ ಸಮ ಬರೋಕೆ ಬೇಕಾದದ್ದು ಈ ಸವರುವಿಕೆ, ಬೆಂಕಿ ಅಲ್ಲ.

2. ಬುಡದ ಮೇಲೆ ಬಿದ್ದ ತರಗನ್ನು ಸರಿಸಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕಬೇಕು. ಬುಡಕ್ಕೆ ಬಿಸಿಲು ಬೀಳಲೇಬೇಕು, ಇಲ್ಲದಿದ್ದರೆ ಚಿಗುರು ಕುಂಠಿತ.

3. ಖಾಲಿ ಬಿಟ್ಟ ಸಾಲಿನಲ್ಲಿ ನೀರು ಹಾಯಿಸಬೇಕು. ದೊಡ್ಡಪ್ಪನ "ನೀರು ಹರಿಯಲ್ಲ" ಅನ್ನೋ ಮಾತಿಗೆ ಇದೇ ಉತ್ತರ. ಹನಿ ನೀರಾವರಿ ಇದ್ದರೆ ಆ ಚಿಂತೆಯೂ ಇಲ್ಲ.

4. ತರಗಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಬಹಳ ಕಡಿಮೆ. ಹಾಗೇ ಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಬೆಳೆ ಹಳದಿ ತಿರುಗುತ್ತೆ. ಅದಕ್ಕೆ ಪ್ರತಿ ಟನ್ ತರಗಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, ಒಂದು ಕಿಲೋ ಕೊಳೆಸುವ ಜೀವಾಣು ಪುಡಿ ಹಾಕೋದು ಶಿಫಾರಸು. ಪುಡಿಯನ್ನು ಸಗಣಿ ಬಗ್ಗಡದಲ್ಲಿ ಕಲಸಿ ಎರಚಬಹುದು. ಮಡ್ಡಿ ಸಿಕ್ಕರೆ ಮೇಲೆ ತೆಳ್ಳಗೆ ಹರಡಿದರೆ ಇನ್ನೂ ಒಳ್ಳೆಯದು.

5. ಆಮೇಲೆ ತೇವ ಆರದಂತೆ ನೋಡಿಕೊಂಡರೆ ಸಾಕು. ಮಳೆಗಾಲ ಮುಗಿಯುವಷ್ಟರಲ್ಲಿ ಬಹುಪಾಲು ಮಣ್ಣಾಗಿರುತ್ತೆ.

ಟ್ರ್ಯಾಕ್ಟರ್‌ಗೆ ಜೋಡಿಸುವ ತರಗು ಪುಡಿ ಮಾಡುವ ಯಂತ್ರ ಸಿಕ್ಕರೆ ಕೆಲಸ ಅರ್ಧಕ್ಕರ್ಧ ಕಡಿಮೆ, ಕೊಳೆಯೋದೂ ಬೇಗ. ಬಾಡಿಗೆಗೆ ಸಿಗುತ್ತಾ ಅಂತ ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಬೇಕು.

ಎಲ್ಲ ಗದ್ದೆಗೂ ಇದು ಹೊಂದುತ್ತೆ ಅಂತಲೂ ಇಲ್ಲ. ಕೆಂಪು ಕೊಳೆ ರೋಗ ಬಂದ ಗದ್ದೆಯಲ್ಲಿ ಕೂಳೆ ಬಿಡಬಾರದು, ಅಲ್ಲಿನ ಉಳಿಕೆಯನ್ನು ತೆಗೆದು ಸುಡೋದೇ ಸರಿ. ಗೆದ್ದಲು ಜಾಸ್ತಿ ಇರುವ ಒಣ ಕೆಂಪು ಮಣ್ಣಿನಲ್ಲೂ ಎಚ್ಚರ ಬೇಕು. ಪಕ್ಕದ ಗದ್ದೆಯಲ್ಲಿ ಬೆಂಕಿ ಹಚ್ಚುವವರಿದ್ದರೆ ನಿಮ್ಮ ಒಣ ತರಗಿಗೂ ಕಿಡಿ ಹಾರಬಹುದು. ಬದುವಿನ ಪಕ್ಕ ನಾಲ್ಕಾರು ಅಡಿ ಚೊಕ್ಕಟ ಇಡಬೇಕು. ಮೇಲೆ ಜೋತುಬಿದ್ದ ಕರೆಂಟ್ ತಂತಿ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ತುದಿಯ ಹಸಿರು ಗರಿ, ಅಂದರೆ ಸೋಗೆ, ಬೇರೆ ವಿಷಯ. ಅದು ಮೇವು. ಹಲವು ಕಡೆ ಕಟಾವಿನವರೇ ಅದನ್ನು ತಮ್ಮ ಪಾಲು ಅಂತ ಕಟ್ಟಿ ಮಾರಿಕೊಳ್ತಾರೆ. ಅವರ ಸಂಪಾದನೆಯಲ್ಲಿ ಅದೂ ಒಂದು ಭಾಗ. ಸೋಗೆಯಲ್ಲಿ ಆಕ್ಸಲೇಟ್ ಹೆಚ್ಚು, ಅದು ದನದ ಮೈಯ ಸುಣ್ಣದಂಶ ಎಳೆಯುತ್ತೆ. ಬರೀ ಸೋಗೆ ತಿನ್ನಿಸದೆ ಬೇರೆ ಮೇವು, ಖನಿಜ ಮಿಶ್ರಣದ ಜೊತೆ ಕೊಡಬೇಕು.

ಬಿಲ್ಲಿನಲ್ಲಿ ಇಲ್ಲದ ಸಾಲು

ಇನ್ನು ದುಡ್ಡಿನ ಮಾತು. 2025–26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ ₹355. ಟನ್‌ಗೆ ₹3,550. ನಮ್ಮಲ್ಲಿ ಇದರಿಂದ ಕಟಾವು, ಸಾಗಣೆ ವೆಚ್ಚ ಕಳೆದು ರೈತನ ಕೈಗೆ ಬರುತ್ತೆ. ಈ ಲೆಕ್ಕದ ಆಧಾರ ಕಬ್ಬಿನಲ್ಲಿರುವ ಸಕ್ಕರೆ.

2012ರಲ್ಲಿ ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ ಇನ್ನೊಂದು ಸೂತ್ರ ಹೇಳ್ತು: ಸಕ್ಕರೆ ಜೊತೆಗೆ ಸಿಪ್ಪೆ, ಕಾಕಂಬಿ, ಮಡ್ಡಿಯ ಬೆಲೆಯನ್ನೂ ಸೇರಿಸಿ, ಒಟ್ಟು ಮೌಲ್ಯದ ಶೇ. 70 ರೈತನಿಗೆ, ಬರೀ ಸಕ್ಕರೆಯ ಲೆಕ್ಕವಾದರೆ ಶೇ. 75. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆ ತಂದು ಈ ಆದಾಯ ಹಂಚಿಕೆಯ ತತ್ವವನ್ನು ಒಪ್ಪಿಕೊಂಡಿತು. ಉಳಿಕೆಯೂ ರೈತನ ಬೆವರೇ, ಅದರ ಬೆಲೆಯಲ್ಲೂ ಅವನಿಗೆ ಪಾಲಿದೆ ಅನ್ನೋ ಮಾತು ಹೀಗೆ ಕಾನೂನಿನ ಪುಟಕ್ಕೆ ಬಂತು. ಅದರ ಮುಂದಿನ ಹಂತದ ಎಥನಾಲ್, ವಿದ್ಯುತ್ ಲಾಭವೂ ಲೆಕ್ಕಕ್ಕೆ ಬರಲಿ ಅನ್ನೋದು ರೈತ ಸಂಘಟನೆಗಳ ಹಳೆಯ ಬೇಡಿಕೆ.

ಈ ಚರ್ಚೆಯಲ್ಲಿ ತರಗು ಎಲ್ಲೂ ಇಲ್ಲ. ಯಾಕಂದ್ರೆ ಅದು ಗೇಟು ದಾಟೋದಿಲ್ಲ. ಆದರೆ ಅದನ್ನು ಸುಡದೆ ಇಟ್ಟರೆ ಲಾಭ ಯಾರಿಗೆಲ್ಲ? ಸುಡದ ಕಬ್ಬು ಬಂದರೆ ಕಾರ್ಖಾನೆಗೆ ಒಳ್ಳೆ ರಸ. ಊರಿನವರಿಗೆ ಹೊಗೆಯಿಲ್ಲದ ಗಾಳಿ. ಯೂರಿಯಾ ಕಡಿಮೆಯಾದರೆ ಸರ್ಕಾರಕ್ಕೆ ಸಬ್ಸಿಡಿ ಉಳಿತಾಯ. ಎಲ್ಲರಿಗೂ ಲಾಭ, ಖರ್ಚು ಮಾತ್ರ ಒಬ್ಬ ರೈತನದ್ದು. ಇಲ್ಲೇ ಸಿಕ್ಕು ಇರೋದು.

ಬಿಡಿಸೋಕೆ ದೊಡ್ಡ ಯೋಜನೆಯೇ ಬೇಕಿಲ್ಲ. ಗರಿ ಸವರಿ, ಸುಡದೆ ಕಡಿದ ಕಬ್ಬಿಗೆ ಗ್ಯಾಂಗಿನವರ ಟನ್ ಕೂಲಿ ಸ್ವಲ್ಪ ಹೆಚ್ಚಿಸಿ, ಆ ಹೆಚ್ಚುವರಿಯನ್ನು ಕಾರ್ಖಾನೆ ಭರಿಸಬಹುದು. ಕಬ್ಬು ಇಳಿಸಿ ಖಾಲಿ ಬರುವ ಟ್ರ್ಯಾಕ್ಟರ್‌ಗೆ ಮಡ್ಡಿ ತುಂಬಿ ಕಳಿಸಬಹುದು. ಮಡ್ಡಿಯಿಂದ ಗ್ಯಾಸ್ ತೆಗೆಯೋದಾದರೆ ತೆಗೆಯಲಿ, ಆಮೇಲೆ ಉಳಿಯುವ ಗೊಬ್ಬರ ಕಬ್ಬು ಕೊಟ್ಟ ಗದ್ದೆಗೇ ವಾಪಸ್ ಬರಬೇಕು. ಇಲ್ಲದಿದ್ದರೆ ಮಣ್ಣಿನಿಂದ ತೆಗೆದದ್ದೆಲ್ಲ ಒಂದೇ ದಿಕ್ಕಿಗೆ ಹೋಗುತ್ತೆ.

ಊರಿಂದ ದೂರ ಇರೋ ನಾವು

ನಮ್ಮ ಮನೆಯವರು ಹೋದ ಸಲ ಅರ್ಧ ಎಕರೆ ಮಾತ್ರ ಸುಡದೆ ಬಿಟ್ಟರು. ದೊಡ್ಡಪ್ಪ ಒಪ್ಪಿದ್ದು ಇಂಗಾಲದ ಪಾಠ ಕೇಳಿ ಅಲ್ಲ. ಆಳಿನ ಕೂಲಿ ಮಕ್ಕಳು ಕೊಡ್ತೀವಿ ಅಂದ ಮೇಲೆ. ಬೇಸಿಗೆಯಲ್ಲಿ ಆ ಭಾಗಕ್ಕೆ ಒಂದು ಕಳೆ ಕಡಿಮೆ ಆಯ್ತು. ಪಕ್ಕದ ಸುಟ್ಟ ಭಾಗದ ಮಣ್ಣು ಬಿರುಕು ಬಿಟ್ಟಾಗಲೂ ತರಗಿನ ಕೆಳಗೆ ಕೈ ಹಾಕಿದರೆ ತಣ್ಣಗಿತ್ತು. ಇಳುವರಿ ದುಪ್ಪಟ್ಟಾಯ್ತು ಅಂತೆಲ್ಲ ಹೇಳೋದಿಲ್ಲ, ಅರ್ಧ ಎಕರೆಯ ಒಂದು ವರ್ಷದಲ್ಲಿ ಅದನ್ನು ಅಳೆಯೋಕೂ ಆಗಲ್ಲ. ಈ ಸಲ ಒಂದು ಎಕರೆ ಬಿಡೋಣ ಅಂದಿದ್ದಾರೆ. ನಮಗೆ ಅಷ್ಟು ಸಾಕು.

ಊರಲ್ಲಿ ಕಬ್ಬಿನ ಗದ್ದೆ ಇರುವ, ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸ ಮಾಡುವ ನಮ್ಮಂಥವರು ಬಹಳ ಜನ. ವಾಟ್ಸ್ಆ್ಯಪ್‌ನಲ್ಲಿ ಸಾವಯವ ಕೃಷಿಯ ವಿಡಿಯೋ ಕಳಿಸೋದು ಸುಲಭ. ಅದಕ್ಕಿಂತ ಉಪಯೋಗದ ನಾಲ್ಕು ಕೆಲಸ ಇವೆ: ಕಟಾವಿಗೆ ಹದಿನೈದು ದಿನ ಮುಂಚೆ ಗ್ಯಾಂಗಿನ ಮೇಸ್ತ್ರಿ ಜೊತೆ ಸುಡದೆ ಕಡಿಯುವ ಮಾತು ಆಡಿಸೋದು, ಹೆಚ್ಚುವರಿ ಕೂಲಿ ಎಷ್ಟು ಅಂತ ಮೊದಲೇ ಗೊತ್ತು ಮಾಡೋದು, ಯಂತ್ರ ಬಾಡಿಗೆಗೆ ಬುಕ್ ಮಾಡೋದು, ಕೊಳೆಸುವ ಪುಡಿ ತರಿಸಿಡೋದು. ಇದಕ್ಕೆಲ್ಲ ರಜೆ ಹಾಕಬೇಕಿಲ್ಲ, ಫೋನಿನಲ್ಲೇ ಆಗುತ್ತೆ. ಶುರು ಮಾಡೋದಾದರೆ ಅರ್ಧ ಎಕರೆಯಿಂದ ಮಾಡಿ. ಪೂರ್ತಿ ಗದ್ದೆ ಅಂದರೆ ಯಾವ ಹಿರಿಯರೂ ಒಪ್ಪೋದಿಲ್ಲ, ಒಪ್ಪಬೇಕಾಗೂ ಇಲ್ಲ.

ಮುಂದಿನ ಹಂಗಾಮಿಗೆ ಮುಂಚೆ ಮನೆಗೆ ಫೋನ್ ಮಾಡಿದಾಗ "ಈ ಸಲ ಎಷ್ಟು ಟನ್ ಆಗಬಹುದು?" ಅಂತ ಕೇಳ್ತೀರಲ್ಲ, ಅದರ ಜೊತೆಗೆ "ತರಗು ಏನ್ ಮಾಡ್ತೀರ?" ಅಂತಾನೂ ಕೇಳಿ. ಆ ಕಡೆಯಿಂದ "ಇನ್ನೇನ್ ಮಾಡೋದು, ಸುಡೋದೇ" ಅನ್ನೋ ಉತ್ತರ ಬರುತ್ತೆ. ಆಗ "ಅರ್ಧ ಎಕರೆ ಬಿಡಿ, ಆಳಿನ ದುಡ್ಡು ನಾನು ಹಾಕ್ತೀನಿ" ಅಂತ ಹೇಳಿ ನೋಡಿ. ಮಾತು ಅಲ್ಲಿಂದ ಮುಂದಕ್ಕೆ ಹೋಗುತ್ತೆ.